ಪಾರ್ಸೆಲ್ ಕೈತಪ್ಪಿದರೆ ನಷ್ಟ ಯಾರ ತಲೆಗೆ?

ಆನ್‌ಲೈನ್‌ನಲ್ಲಿ ಒಂದು ಮಿಕ್ಸಿ ಕೊಂಡರೂ ಆ ವ್ಯವಹಾರದಲ್ಲಿ ನಮ್ಮನ್ನು ಬಿಟ್ಟು ಇನ್ನೂ ನಾಲ್ವರಿರುತ್ತಾರೆ. ದುಡ್ಡು ಪಡೆಯುವುದು ಮಾರುಕಟ್ಟೆ ತಾಣ. ಬಿಲ್ಲಿನ ಮೇಲೆ ಹೆಸರಿರುವುದು ಎಲ್ಲಿಯದೋ ಒಬ್ಬ ಮಾರಾಟಗಾರನದು. ಸಾಮಾನು ಸಾಗಿಸುವುದು ಕೊರಿಯರ್ ಕಂಪನಿ. ಬಾಗಿಲಿಗೆ ಬಂದು ಓಟಿಪಿ ಕೇಳುವವನು ಡೆಲಿವರಿ ಹುಡುಗ. ಎಲ್ಲ ಸುಸೂತ್ರವಾಗಿ ನಡೆದರೆ ಇವರಲ್ಲಿ ಯಾರು ಯಾರೆಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಪಾರ್ಸೆಲ್ ಬಾರದಿದ್ದಾಗ, ಬಂದ ಪೆಟ್ಟಿಗೆಯೊಳಗೆ ಬೇರೇನೋ ಇದ್ದಾಗ, ವಾಪಸು ಕಳಿಸಿದ್ದು ತಲುಪಿಲ್ಲವೆಂದು ರಿಫಂಡ್ ತಡೆದಾಗ ಮಾತ್ರ ನಾಲ್ವರೂ ಒಬ್ಬರತ್ತ ಒಬ್ಬರು ಕೈ ತೋರಿಸತೊಡಗುತ್ತಾರೆ.

ಈ ಜಗಳಗಳನ್ನು ನಾವು ಸಾಮಾನ್ಯವಾಗಿ ಮೋಸದ ಕಥೆಗಳೆಂದು ಓದುತ್ತೇವೆ. ಗ್ರಾಹಕರ ಕಡೆಯಿಂದ ನೋಡಿದವರಿಗೆ ಮಾರಾಟಗಾರ ಮೋಸಗಾರ, ಮಾರಾಟಗಾರರ ಸಂಘಗಳಲ್ಲಿ ಕೇಳಿದರೆ ಗ್ರಾಹಕನೇ ಮೋಸಗಾರ. ಎರಡೂ ಕಡೆ ಮೋಸ ಇದೆ ಎಂಬುದು ನಿಜ. ಆದರೆ ಜಗಳ ಬಗೆಹರಿಯದೆ ಉಳಿಯುವುದಕ್ಕೆ ಕಾರಣ ಬೇರೆ. ಪೆಟ್ಟಿಗೆಗೆ ಟೇಪು ಸುತ್ತಿದ ಗಳಿಗೆಯಿಂದ ಅದನ್ನು ಕತ್ತರಿಸುವ ಗಳಿಗೆಯವರೆಗೆ ಏನಾಯಿತೆಂಬುದು ಕೊಂಡವರಿಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ಗೊತ್ತಿರುವುದು ತಾಣಕ್ಕೆ ಮತ್ತು ಅದರ ಸಾಗಣೆ ಜಾಲಕ್ಕೆ. ತೀರ್ಪು ಕೊಡುವುದೂ ತಾಣವೇ, ದುಡ್ಡು ಹಿಡಿದಿಟ್ಟುಕೊಂಡಿರುವುದೂ ತಾಣವೇ. ಸಾಕ್ಷ್ಯ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದಾಗಬೇಕು ಎಂಬುದು ಈ ಲೇಖನದ ವಾದ.

ವಿ.ಪಿ.ಪಿ.ಯಿಂದ ಕ್ಯಾಷ್ ಆನ್ ಡೆಲಿವರಿಗೆ

ಕಾಣದ ಅಂಗಡಿಯಿಂದ ಸಾಮಾನು ತರಿಸುವುದು ನಮಗೆ ಹೊಸತಲ್ಲ. ಭಾರತದ ಅಂಚೆ ಇಲಾಖೆ 1877ರಲ್ಲೇ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಪದ್ಧತಿ ಶುರು ಮಾಡಿತು. ಪುಸ್ತಕ ಪ್ರಕಾಶಕರು, ಔಷಧಾಲಯಗಳು, ಗಡಿಯಾರದ ಅಂಗಡಿಗಳು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ವಿ.ಪಿ.ಪಿ. ಮೂಲಕ ಕಳಿಸುತ್ತಿದ್ದರು, ಓದುಗರು ಪೋಸ್ಟ್‌ಮ್ಯಾನ್‌ಗೆ ದುಡ್ಡು ಕೊಟ್ಟು ಕಟ್ಟು ಬಿಡಿಸಿಕೊಳ್ಳುತ್ತಿದ್ದರು. ಆಗಲೂ ವಿ.ಪಿ. ಬಂದಾಗ ಬೇಡವೆಂದವರಿದ್ದರು, ಎರಡು ಕಡೆಯ ಅಂಚೆ ವೆಚ್ಚ ಪ್ರಕಾಶಕನ ಮೈಮೇಲೆ ಬೀಳುತ್ತಿತ್ತು. ದಾರಿಯಲ್ಲಿ ಕಟ್ಟು ಕಳೆದುಹೋದರೆ ಸರ್ಕಾರವನ್ನು ಕೇಳುವಂತಿರಲಿಲ್ಲ. 1898ರ ಅಂಚೆ ಕಾಯ್ದೆಯ 6ನೇ ಕಲಮು ನಷ್ಟ, ತಡ, ತಪ್ಪು ಬಟವಾಡೆ ಇವುಗಳ ಹೊಣೆಯಿಂದ ಸರ್ಕಾರಕ್ಕೆ ಬಹುಮಟ್ಟಿಗೆ ರಕ್ಷಣೆ ಕೊಟ್ಟಿತ್ತು.

ಇಂದಿನ ರೂಪ ಮೂಡಿದ್ದು ಬೆಂಗಳೂರಿನಲ್ಲಿ. 2007ರಲ್ಲಿ ಪುಸ್ತಕ ಮಾರಾಟದಿಂದ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಷ್ ಆನ್ ಡೆಲಿವರಿ ತಂದಿತು. ಕಾರ್ಡ್ ಇಲ್ಲದವರೂ, ಕಾರ್ಡ್ ನಂಬರು ಕೊಡಲು ಅಂಜುವವರೂ ಕೊಳ್ಳಲು ಮುಂದಾದರು. 2013ರ ಜೂನ್‌ನಲ್ಲಿ ಅಮೆಜಾನ್ ಭಾರತದಲ್ಲಿ ಅಂಗಡಿ ತೆರೆಯಿತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೊ ಸಣ್ಣ ಊರುಗಳ ಮನೆ ಮನೆಗೆ ಹೋಯಿತು.

ಈ ಬೆಳವಣಿಗೆಯ ನಡುವೆ ನಡೆದ ಒಂದು ನೀತಿ ಬದಲಾವಣೆ ಇಂದಿನ ಜಗಳಗಳ ಬೇರಿನಲ್ಲಿದೆ. 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ರೆಸ್ ನೋಟ್ 3, ವಿದೇಶಿ ಬಂಡವಾಳವಿರುವ ಇ-ಕಾಮರ್ಸ್ ಕಂಪನಿಗಳು ತಮ್ಮದೇ ದಾಸ್ತಾನು ಇಟ್ಟುಕೊಂಡು ಗ್ರಾಹಕರಿಗೆ ಮಾರುವಂತಿಲ್ಲ, ಇತರರು ಮಾರಲು ಮಾರುಕಟ್ಟೆ ಒದಗಿಸಬಹುದು ಅಷ್ಟೇ ಎಂದಿತು. ಅದರಲ್ಲೇ, ಮಾರಾಟದ ನಂತರ ಸಾಮಾನು ತಲುಪಿಸುವುದು ಮತ್ತು ಗ್ರಾಹಕರ ಸಮಾಧಾನ ಮಾರಾಟಗಾರನ ಜವಾಬ್ದಾರಿ ಎಂದೂ ಬರೆಯಲಾಯಿತು. 2018ರ ಡಿಸೆಂಬರ್‌ನ ಪ್ರೆಸ್ ನೋಟ್ 2 ಈ ಚೌಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು. ದೇಶದ ಸಣ್ಣ ವ್ಯಾಪಾರಿಗಳನ್ನು ದೊಡ್ಡ ಬಂಡವಾಳದಿಂದ ಕಾಪಾಡುವುದು ಉದ್ದೇಶವಾಗಿತ್ತು. ಪರಿಣಾಮದಲ್ಲಿ ತಲುಪಿಸುವ ಹೊಣೆ ಕಾಗದದ ಮೇಲೆ ಸಣ್ಣ ವ್ಯಾಪಾರಿಯ ಹೆಗಲೇರಿತು. ಯಾವ ಕೊರಿಯರ್, ಯಾವ ಹಬ್, ಎಷ್ಟು ದಿನ ಎಂಬುದನ್ನೆಲ್ಲ ಹೆಚ್ಚಿನ ಆರ್ಡರ್‌ಗಳಲ್ಲಿ ತೀರ್ಮಾನಿಸುವುದು ಮಾತ್ರ ತಾಣವೇ.

ಎಲ್ಲೆಲ್ಲಿ ತಪ್ಪುತ್ತದೆ

ಒಂದು ಪಾರ್ಸೆಲ್ಲಿನ ಹಾದಿಯನ್ನು ಹತ್ತಿರದಿಂದ ನೋಡಿದರೆ ಜಗಳದ ಬಗೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಮಾರಾಟಗಾರ ಲೇಬಲ್ ಮುದ್ರಿಸಿ ಅಂಟಿಸುತ್ತಾನೆ. ಪಿಕಪ್ ಹುಡುಗ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಊರಿನ ಹಬ್‌ನಲ್ಲಿ ಇನ್ನೊಂದು ಸ್ಕ್ಯಾನ್, ದೊಡ್ಡ ವಿಂಗಡಣಾ ಕೇಂದ್ರದಲ್ಲಿ ತೂಕ ಮತ್ತು ಅಳತೆ, ಲಾರಿ ಏರುವಾಗ ಒಂದು ಸ್ಕ್ಯಾನ್, ಇಳಿಯುವಾಗ ಒಂದು, ಕೊನೆಯ ಹಬ್‌ನಲ್ಲಿ ಹುಡುಗನ ಹೆಸರಿಗೆ ಬರೆಯುವಾಗ ಮತ್ತೊಂದು. ಬಾಗಿಲಲ್ಲಿ ಓಟಿಪಿ, ಇಲ್ಲವೇ ಫೋಟೊ, ಅದರ ಜೊತೆ ಸಮಯ ಮತ್ತು ಜಾಗದ ದಾಖಲೆ.

ಹೆಚ್ಚು ಕಾಣುವ ಜಗಳ, ತಲುಪಿತೆಂದು ಆ್ಯಪ್ ಹೇಳುತ್ತದೆ, ಕೈಗೆ ಬಂದಿಲ್ಲ ಎಂಬುದು. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಬಳಿ ಇಟ್ಟು ಹೋಗಿರಬಹುದು, ಪಕ್ಕದ ಮನೆಗೆ ಕೊಟ್ಟಿರಬಹುದು, ‘ಸಾರ್, ಓಟಿಪಿ ಹೇಳಿ, ಸಂಜೆ ತಂದು ಕೊಡ್ತೀನಿ’ ಎಂಬ ಮಾತಿಗೆ ಓಟಿಪಿ ಹೇಳಿ ಕೂತಿರಬಹುದು. ಓಟಿಪಿ ಹೇಳಿದ ಮೇಲೆ ದಾಖಲೆಯ ಪ್ರಕಾರ ಸಾಮಾನು ತಲುಪಿದಂತೆಯೇ. ಎರಡನೆಯದು, ಬಂದೇ ಇಲ್ಲದವರು ಬಂದಿದ್ದೆವೆಂದು ಬರೆಯುವುದು: ‘ಗ್ರಾಹಕರು ಮನೆಯಲ್ಲಿರಲಿಲ್ಲ’, ‘ಫೋನ್ ಎತ್ತಲಿಲ್ಲ’. ಮಲೆನಾಡಿನ ಒಂಟಿ ಮನೆಗಳಲ್ಲಿ, ಬಯಲುಸೀಮೆಯ ತೋಟದ ಮನೆಗಳಲ್ಲಿ ಮನೆ ನಂಬರು, ಬೀದಿ ಹೆಸರು ಇರುವುದಿಲ್ಲ. 1972ರಲ್ಲಿ ಬಂದ ಪಿನ್‌ಕೋಡ್ ಒಂದು ಅಂಚೆ ಕಚೇರಿಯ ವ್ಯಾಪ್ತಿಯನ್ನು ತೋರಿಸುತ್ತದೆಯೇ ಹೊರತು ಮನೆಯನ್ನಲ್ಲ. ಕೊನೆಯ ಐದು ಕಿಲೋಮೀಟರ್ ಹೋಗಲಾಗದ ಹುಡುಗ ಆ ಸಾಲು ಒತ್ತಿ ಮುಂದಿನ ಮನೆಗೆ ಹೋಗುತ್ತಾನೆ. ಹಾಗೆ ಕೆಲವು ಸಲ ಆದರೆ ಪಾರ್ಸೆಲ್ ವಾಪಸು ಹೋಗುತ್ತದೆ.

ಮೂರನೆಯದು ಪೆಟ್ಟಿಗೆಯೊಳಗಿನ ಜಗಳ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಗ್ರಾಹಕರೊಬ್ಬರು ಸುಮಾರು ₹1.86 ಲಕ್ಷ ಕೊಟ್ಟು ತರಿಸಿದ ಮೊಬೈಲಿನ ಪೆಟ್ಟಿಗೆಯಲ್ಲಿ ಟೈಲ್ಸ್ ತುಂಡು ಸಿಕ್ಕಿದ ಸುದ್ದಿ ಎಲ್ಲ ಕಡೆ ಬಂತು. ಅವರು ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಟ್ಟುಕೊಂಡಿದ್ದರು, ಪೊಲೀಸರಿಗೆ ದೂರು ಕೊಟ್ಟರು. ವಿಡಿಯೊ ಇಲ್ಲದವರ ಗತಿ ಏನು? ಬದಲಾಯಿಸಿದ್ದು ಪ್ಯಾಕ್ ಮಾಡಿದ ಜಾಗದಲ್ಲೋ, ಹಬ್‌ನಲ್ಲೋ, ಕೊನೆಯ ಗಾಡಿಯಲ್ಲೋ ಎಂಬುದನ್ನು ಗ್ರಾಹಕ ಕಂಡುಹಿಡಿಯಲಾರ. ಹಾದಿಯ ಯಾವ ಹಂತದಲ್ಲಿ ತೂಕ ಬದಲಾಯಿತು ಎಂಬ ಒಂದು ದಾಖಲೆ ಸಿಕ್ಕರೆ ಅನುಮಾನದ ವಲಯ ಚಿಕ್ಕದಾಗುತ್ತದೆ. ಆ ದಾಖಲೆ ಗ್ರಾಹಕನಿಗೆ ಸಿಗುವುದಿಲ್ಲ.

ಮಾರುವವರ ಮೇಜಿನ ಮೇಲೆ

ಗ್ರಾಹಕರ ದೂರುಗಳು ಪತ್ರಿಕೆಗೆ ಬರುತ್ತವೆ, ಮಾರಾಟಗಾರರ ದೂರುಗಳು ಬರುವುದು ಅಪರೂಪ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಕೊಡಗಿನ ಕಾಫಿಪುಡಿ, ಮನೆಯಲ್ಲೇ ಮಾಡಿದ ಚಟ್ನಿಪುಡಿ ಮಾರುವ ಸಾವಿರಾರು ಸಣ್ಣವರು ಈ ತಾಣಗಳನ್ನೇ ನಂಬಿಕೊಂಡಿದ್ದಾರೆ. ಅವರ ನಿತ್ಯದ ಭಯ ರಿಟರ್ನ್. ಅದರಲ್ಲೂ ಎರಡು ಬಗೆ. ಗ್ರಾಹಕ ತೆಗೆದುಕೊಳ್ಳದೆಯೇ ವಾಪಸು ಬರುವುದು ಸೆಲ್ಲರ್‌ಗಳ ಬಾಯಲ್ಲಿ ‘ಆರ್‌ಟಿಓ’, ರಿಟರ್ನ್ ಟು ಒರಿಜಿನ್. ತೆಗೆದುಕೊಂಡು, ನೋಡಿ, ಬೇಡವೆಂದು ಕಳಿಸುವುದು ಕಸ್ಟಮರ್ ರಿಟರ್ನ್. ಕ್ಯಾಷ್ ಆನ್ ಡೆಲಿವರಿಯಲ್ಲಿ ಮೊದಲನೆಯದು ಹೆಚ್ಚು, ಏಕೆಂದರೆ ಬೇಡವೆಂದರೆ ಗ್ರಾಹಕ ಕಳೆದುಕೊಳ್ಳುವುದು ಏನೂ ಇಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸೀರೆ ₹1,200ಕ್ಕೆ ಮಾರಾಟವಾಗುತ್ತದೆ, ಅಸಲು ₹800, ಕಮಿಷನ್, ಸಾಗಣೆ, ಪ್ಯಾಕಿಂಗ್ ಎಲ್ಲ ಕಳೆದು ₹150 ಉಳಿಯುತ್ತದೆ ಎನ್ನೋಣ. ಸೀರೆ ಸರಿಯಾಗಿಯೇ ವಾಪಸು ಬಂದು, ಹೋಗಿಬರುವ ಸಾಗಣೆಗೆ ₹150 ಕಡಿತವಾದರೆ ಇನ್ನೊಂದು ಸೀರೆಯ ಲಾಭ ಹೋಯಿತು. ವಾಪಸು ಬಂದ ಕವರಿನಲ್ಲಿ ಹಳೆಯ ಬಟ್ಟೆ ತುಂಬಿದ್ದರೆ ನಷ್ಟ ₹950. ಅದನ್ನು ತುಂಬಿಕೊಳ್ಳಲು ಏಳು ಸೀರೆ ಯಾವ ತಂಟೆಯೂ ಇಲ್ಲದೆ ಮಾರಾಟವಾಗಬೇಕು. ಹಬ್ಬದ ಸೀಸನ್ನಿನಲ್ಲಿ ಉಟ್ಟು, ಕಾರ್ಯಕ್ರಮ ಮುಗಿಸಿ ವಾಪಸು ಕಳಿಸಿದ ಸೀರೆಗೂ ‘ಗುಣಮಟ್ಟ ಸರಿಯಿಲ್ಲ’ ಎಂಬ ಕಾರಣವೇ ದಾಖಲಾಗಿರುತ್ತದೆ.

ಇದಕ್ಕೆ ಪರಿಹಾರವಾಗಿ ತಾಣಗಳು ಕ್ಲೇಮ್ ವ್ಯವಸ್ಥೆ ಇಟ್ಟಿವೆ. ಕ್ಲೇಮ್ ಹಾಕಲು ಬೇಕಾದ ಪುರಾವೆ ನೋಡಿ. ವಾಪಸು ಬಂದ ಪ್ಯಾಕೆಟ್ಟನ್ನು ಎಲ್ಲ ಮಗ್ಗುಲಿಂದ ತೋರಿಸಬೇಕು, ಲೇಬಲ್ಲಿನ ಬಾರ್‌ಕೋಡ್ ಓದುವಷ್ಟು ಹತ್ತಿರ ಹಿಡಿಯಬೇಕು, ವಿಡಿಯೊ ಎಲ್ಲೂ ನಿಲ್ಲಿಸದೆ ಟೇಪು ಕತ್ತರಿಸಿ ಒಳಗಿನದನ್ನು ಬಿಡಿಸಿ ತೋರಿಸಬೇಕು, ಅದನ್ನು ಗೊತ್ತಾದ ದಿನಗಳೊಳಗೆ ಅಪ್‌ಲೋಡ್ ಮಾಡಬೇಕು. ದಿನಕ್ಕೆ ಮೂವತ್ತು ರಿಟರ್ನ್ ಬರುವ ಮನೆಯಲ್ಲಿ ಒಬ್ಬರು ಇದೇ ಕೆಲಸಕ್ಕೆ ಕೂರಬೇಕು. ಇಷ್ಟೆಲ್ಲ ಮಾಡಿದರೂ ಬರುವ ಉತ್ತರ ಒಂದು ಸಾಲಿನದು: ‘ನೀವು ಕೊಟ್ಟ ಪುರಾವೆ ಸಾಲದು.’ ಏನು ಸಾಲದು, ಯಾರು ನೋಡಿದರು, ಎದುರು ಕಡೆಯವರು ಏನು ಹೇಳಿದರು ಎಂಬ ವಿವರ ಇರುವುದಿಲ್ಲ.

ತೂಕದ ಜಗಳ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕೊರಿಯರ್ ದರ ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 30, 30, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಒಂದು ಕಿಲೋಗಿಂತ ಕಡಿಮೆ ತೂಗುವ ಮರದ ಗೊಂಬೆಗಳಿದ್ದರೂ ಬಿಲ್ಲಾಗುವುದು 3.6 ಕಿಲೋಗೆ. ಹಬ್‌ನ ಯಂತ್ರ ಪೆಟ್ಟಿಗೆಯ ಉಬ್ಬನ್ನೂ ಸೇರಿಸಿ ಅಳೆದರೆ ಇನ್ನೂ ಹೆಚ್ಚು. ವ್ಯತ್ಯಾಸ ಪಾವತಿಯಲ್ಲಿ ಕಡಿತವಾದ ಮೇಲೆಯೇ ಮಾರಾಟಗಾರನಿಗೆ ತಿಳಿಯುವುದು.

ಬಾಗಿಲಲ್ಲಿ ನಿಂತವನು

ಗ್ರಾಹಕನ ಸಿಟ್ಟನ್ನು ಮೊದಲು ಎದುರಿಸುವವನು ಡೆಲಿವರಿ ಹುಡುಗ. ಪೆಟ್ಟಿಗೆಯೊಳಗೆ ಏನಿದೆಯೆಂದು ಅವನಿಗೂ ಗೊತ್ತಿಲ್ಲ. ಅವನ ಗಳಿಕೆ ತಲುಪಿಸಿದ ಪಾರ್ಸೆಲ್ಲಿನ ಎಣಿಕೆಯ ಮೇಲೆ. ತಲುಪಿಸಲಾಗದ್ದಕ್ಕೆ ಪೆಟ್ರೋಲ್ ಮಾತ್ರ ಖರ್ಚು. ಪಾರ್ಸೆಲ್ ಕಾಣೆಯಾದರೆ, ನಗದು ಲೆಕ್ಕ ತಾಳೆಯಾಗದಿದ್ದರೆ ಅವನ ಗಳಿಕೆಯಲ್ಲಿ ಹಿಡಿದುಕೊಳ್ಳುತ್ತಾರೆ ಎಂಬುದು ಈ ಕೆಲಸದವರೆಲ್ಲರ ದೂರು. ಗ್ರಾಹಕರು ಮನೆಯಲ್ಲಿರಲಿಲ್ಲವೆಂಬ ಸುಳ್ಳು ಷರಾ ಬರೆಯುವವನನ್ನು ಬೈಯುವ ಮುನ್ನ, ಒಂದು ದಿನದಲ್ಲಿ ಮುಗಿಸಲಾಗದಷ್ಟು ಪಾರ್ಸೆಲ್ ಅವನ ಚೀಲಕ್ಕೆ ತುಂಬಿದವರು ಯಾರೆಂದು ಕೇಳಬೇಕು.

2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ನಡೆದದ್ದನ್ನು ಮರೆಯಲಾಗದು. ಕ್ಯಾಷ್ ಆನ್ ಡೆಲಿವರಿಯಲ್ಲಿ ತರಿಸಿದ ಮೊಬೈಲಿಗೆ ಕೊಡಬೇಕಿದ್ದ ಸುಮಾರು ₹46 ಸಾವಿರ ಇಲ್ಲದ ಯುವಕನೊಬ್ಬ, ಅದನ್ನು ತಂದುಕೊಟ್ಟ ಡೆಲಿವರಿ ಹುಡುಗನನ್ನು ಕೊಂದ ಆರೋಪದಲ್ಲಿ ಬಂಧಿತನಾದ. ಅಷ್ಟು ದೊಡ್ಡ ಮೊತ್ತದ ಸರಕನ್ನು, ಅಷ್ಟು ನಗದು ವಸೂಲಿಯ ಹೊಣೆಯನ್ನು ಒಬ್ಬಂಟಿ ಹುಡುಗನ ಮೇಲೆ ಹೊರಿಸಿ ಅಪರಿಚಿತ ಬಾಗಿಲಿಗೆ ಕಳಿಸುವ ವ್ಯವಸ್ಥೆಯ ಬಗ್ಗೆ ಆಗ ನಡೆಯಬೇಕಿದ್ದಷ್ಟು ಚರ್ಚೆ ನಡೆಯಲಿಲ್ಲ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಒಂದು ಒಳ್ಳೆಯ ಆರಂಭ. ಕಲ್ಯಾಣ ನಿಧಿಗೆ ಕಂಪನಿಗಳಿಂದ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ ಕಾರಣ ಮತ್ತು 14 ದಿನಗಳ ನೋಟಿಸು, ದೂರು ಕೇಳುವ ವ್ಯವಸ್ಥೆ ಅದರಲ್ಲಿವೆ.

ಕಾನೂನಿನ ಹಲವು ಪದರ

ಸಾಗಣೆಯಲ್ಲಾದ ನಷ್ಟದ ಬಗ್ಗೆ ನಮ್ಮ ಕಾನೂನುಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಕೊಳ್ಳುವವರಿಗೆ ಕಳಿಸಲೆಂದು ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಕೊಳ್ಳುವವರಿಗೇ ಒಪ್ಪಿಸಿದಂತೆ. ರೈಲಿನಲ್ಲಿ ಹತ್ತಿಬೇಲು ಕಳಿಸುವ ವ್ಯಾಪಾರಿಗಳ ಕಾಲದ ನಿಯಮ ಅದು. ಕೊಳ್ಳುವವನೂ ವ್ಯಾಪಾರಿ, ಸಾಗಣೆದಾರನನ್ನು ಅವನೇ ಆರಿಸಬಲ್ಲ. ಇಂದಿನ ಗ್ರಾಹಕನಿಗೆ ಅದನ್ನು ಅನ್ವಯಿಸಿದರೆ ಬಾರದ ಪಾರ್ಸೆಲ್ಲಿಗೂ ಅವನೇ ದುಡ್ಡು ತೆರಬೇಕಾದೀತು.

ಸಾಗಣೆದಾರನ ಹೊಣೆಗೂ ಮಿತಿಯಿದೆ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳಂತೆ, ಹೆಚ್ಚಿನ ಮೌಲ್ಯ ಘೋಷಿಸಿರದಿದ್ದರೆ ನಷ್ಟ ಪರಿಹಾರ ಸಾಗಣೆ ವೆಚ್ಚದ ಹತ್ತು ಪಟ್ಟು ಮೀರುವುದಿಲ್ಲ. ಕೊರಿಯರ್ ರಸೀತಿಯ ಹಿಂದಿನ ಸಣ್ಣಕ್ಷರಕ್ಕೂ ಬೆಲೆಯಿದೆ. 1996ರಲ್ಲಿ ಭಾರತಿ ನಿಟ್ಟಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿದ ಕರಾರಿನಂತೆ ಕೊರಿಯರ್ ಕಂಪನಿಯ ಹೊಣೆ 100 ಡಾಲರಿಗೆ ಸೀಮಿತ ಎಂದು ಎತ್ತಿಹಿಡಿಯಿತು.

ಗ್ರಾಹಕನ ಪರವಾಗಿ ಗಾಳಿ ತಿರುಗಿದ್ದು 2020ರ ಜುಲೈನಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು, ಜೊತೆಗೆ ಇ-ಕಾಮರ್ಸ್ ನಿಯಮಗಳೂ ಬಂದವು. ಸಾಮಾನು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾರಾಟಗಾರ ವಾಪಸು ಪಡೆಯಲು, ಹಣ ಹಿಂದಿರುಗಿಸಲು ಒಲ್ಲೆನೆನ್ನುವಂತಿಲ್ಲ; ತಡಕ್ಕೆ ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ, ಪ್ರತಿ ದೂರಿಗೂ ಟಿಕೆಟ್ ನಂಬರು, ಮಾರಾಟಗಾರನ ಹೆಸರು ವಿಳಾಸ ಕಾಣುವಂತಿರಬೇಕು ಎಂಬವೂ ಅದರಲ್ಲಿವೆ. ‘ಈ ವಸ್ತುವಿಗೆ ರಿಟರ್ನ್ ಇಲ್ಲ’ ಎಂಬ ಸಾಲು ದೋಷಪೂರಿತ ಸಾಮಾನಿಗೆ ರಕ್ಷೆಯಾಗದು ಎಂಬುದನ್ನು ಗ್ರಾಹಕರು ನೆನಪಿಡಬೇಕು.

ಹೊಣೆ ಮಾರಾಟಗಾರನ ಮೇಲಾಯಿತು. ತಾಣದ ಮೇಲೆ? ಅದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಗುರಾಣಿ: ತಾನು ಮಧ್ಯವರ್ತಿ ಮಾತ್ರ ಎಂಬುದು. ದೆಹಲಿ ಹೈಕೋರ್ಟ್ 2018ರ ಲೂಬುಟಾನ್ ಪ್ರಕರಣದಲ್ಲಿ, ಮಾರಾಟದಲ್ಲಿ ಸಕ್ರಿಯವಾಗಿ ಕೈಯಿಡುವ ತಾಣಕ್ಕೆ ಈ ಗುರಾಣಿ ಸುಲಭವಾಗಿ ಸಿಗದು ಎಂದಿತು. 2020ರ ಆಮ್ವೇ ಪ್ರಕರಣದಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಸಕ್ರಿಯ, ನಿಷ್ಕ್ರಿಯ ಎಂಬ ಭೇದ ಕಾನೂನಿನಲ್ಲಿಲ್ಲ ಎಂದಿತು. 2021ರ ಜನವರಿಯಲ್ಲಿ ಸ್ನ್ಯಾಪ್‌ಡೀಲ್ ಕುರಿತ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಮಾರಾಟಗಾರನೊಬ್ಬ ಮಾರಿದ ಔಷಧಕ್ಕೆ ತಾಣವನ್ನು ಕ್ರಿಮಿನಲ್ ಹೊಣೆಗಾರನಾಗಿಸಲಾಗದು ಎಂದು ಮೊಕದ್ದಮೆ ರದ್ದುಪಡಿಸಿತು. ಮಾರಾಟಗಾರ ಏನು ಮಾರುತ್ತಾನೆಂಬ ವಿಷಯದಲ್ಲಿ ಈ ರಕ್ಷಣೆಗೆ ಅರ್ಥವಿದೆ. ಸಾಗಣೆಯನ್ನೂ ಹಣವನ್ನೂ ತಾನೇ ನಡೆಸುವ ತಾಣ, ಸಾಗಣೆಯಲ್ಲಾದ ನಷ್ಟಕ್ಕೂ ಇದೇ ಗುರಾಣಿ ಹಿಡಿಯುವುದು ನ್ಯಾಯವಲ್ಲ.

ಕೇಂದ್ರ ಸರ್ಕಾರಕ್ಕೂ ಈ ಕೊರತೆ ಕಂಡಿತ್ತು. ಮಾರಾಟಗಾರನ ನಿರ್ಲಕ್ಷ್ಯದಿಂದ ಸಾಮಾನು ತಲುಪದೆ ಗ್ರಾಹಕನಿಗೆ ನಷ್ಟವಾದರೆ ತಾಣವೇ ಹೊಣೆ ಹೊರಬೇಕು ಎಂಬ ನಿಯಮವನ್ನು 2021ರ ಜೂನ್‌ನ ಕರಡು ತಿದ್ದುಪಡಿಯಲ್ಲಿ ಸೇರಿಸಿತ್ತು. ಆ ಕರಡು ನಿಯಮವಾಗಿ ಜಾರಿಗೆ ಬರಲಿಲ್ಲ.

ನ್ಯಾಯ ಕೇಳುವ ಬಾಗಿಲುಗಳು

ಗ್ರಾಹಕನಿಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ತಾಣದ ದೂರು ವಿಭಾಗ. ಎರಡನೆಯದು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತನಾಡಬಹುದು, ವ್ಯಾಜ್ಯಕ್ಕೆ ಹೋಗುವ ಮುನ್ನವೇ ಅನೇಕ ರಿಫಂಡ್‌ಗಳು ಇಲ್ಲಿ ಇತ್ಯರ್ಥವಾಗುತ್ತವೆ. ಮೂರನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ದೊಡ್ಡ ಉಪಕಾರವೆಂದರೆ ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೀದರಿನವರು ಗುರುಗ್ರಾಮಕ್ಕೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ ₹5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಕಾಲಾವಕಾಶವಿದೆ. 2020ರಲ್ಲಿ ಬಂದ ಇ-ದಾಖಿಲ್ ಜಾಗದಲ್ಲಿ 2025ರಿಂದ ಇರುವ ಇ-ಜಾಗೃತಿ ವ್ಯವಸ್ಥೆಯ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು.

ಅಲ್ಲಿ ನ್ಯಾಯ ಸಿಕ್ಕ ಉದಾಹರಣೆಗಳಿವೆ. 2022ರ ಜನವರಿಯಲ್ಲಿ ಬೆಂಗಳೂರಿನ ಗ್ರಾಹಕಿಯೊಬ್ಬರು ₹12,499 ಮುಂಗಡ ಕೊಟ್ಟರೂ ಮೊಬೈಲ್ ಬರಲಿಲ್ಲ. ಸುಮಾರು ಒಂದು ವರ್ಷದ ನಂತರ ಬೆಂಗಳೂರು ನಗರ ಜಿಲ್ಲಾ ಆಯೋಗವು ಹಣವನ್ನು ಶೇ 12 ಬಡ್ಡಿಯೊಂದಿಗೆ ಹಿಂದಿರುಗಿಸಿ, ₹20,000 ದಂಡ ಮತ್ತು ₹10,000 ವ್ಯಾಜ್ಯ ವೆಚ್ಚ ಕೊಡುವಂತೆ ತಾಣಕ್ಕೇ ಆದೇಶಿಸಿತು. ಹಣ ಪಡೆದ ತಾಣ ತಾನು ಬರೀ ಮಧ್ಯವರ್ತಿ ಎಂದು ಪಾರಾಗಲಿಲ್ಲ. ಆದರೆ ಕಾಯ್ದೆ ಹೇಳುವುದು, ಪರೀಕ್ಷೆ ಬೇಡದ ದೂರುಗಳು ಎದುರು ಪಕ್ಷಕ್ಕೆ ನೋಟಿಸು ತಲುಪಿದ ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂದು. ₹600ರ ಚಪ್ಪಲಿಗಾಗಿ ಒಂದು ವರ್ಷ ಕಾಯುವವರು ಯಾರು? ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಟ್ಟುಬಿಟ್ಟ ಆ ಸಣ್ಣ ಸಣ್ಣ ಮೊತ್ತಗಳೇ ಈ ಸಮಸ್ಯೆಯ ದೊಡ್ಡ ಪಾಲು.

ಮಾರಾಟಗಾರನಿಗೆ ಈ ಬಾಗಿಲುಗಳೂ ಇಲ್ಲ. ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವನನ್ನು ಕಾಯ್ದೆ ಸಾಮಾನ್ಯವಾಗಿ ಗ್ರಾಹಕನೆಂದು ಒಪ್ಪುವುದಿಲ್ಲ. ತಾಣದೊಂದಿಗಿನ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೆ ₹950ರ ನಷ್ಟಕ್ಕೆ ದೂರದ ಮಹಾನಗರದ ಮಧ್ಯಸ್ಥಗಾರನ ಮುಂದೆ ಹೋಗಬೇಕು. ಹೋಗುವವರಿಲ್ಲ.

ಬೇರೆಯವರು ಕಂಡುಕೊಂಡ ದಾರಿ

ಈ ಜಗಳಗಳನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಎದುರಿಸಿದ್ದು ಅಮೆರಿಕದ ಮಾರುಕಟ್ಟೆ ತಾಣ ಇಬೇ. 1999ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಈಥನ್ ಕ್ಯಾಟ್ಷ್ ತಂಡ ಇಬೇ ಗ್ರಾಹಕರ ಜಗಳಗಳನ್ನು ಆನ್‌ಲೈನ್‌ನಲ್ಲೇ ರಾಜಿ ಮಾಡಿಸುವ ಪ್ರಯೋಗ ನಡೆಸಿತು. ಎರಡೇ ವಾರದಲ್ಲಿ ಸುಮಾರು 200 ಪ್ರಕರಣ ಬಂದವು. ಮುಂದೆ ಇಬೇಯ ವಿವಾದ ಪರಿಹಾರ ವಿಭಾಗದ ಕಾಲಿನ್ ರೂಲ್ ಕಟ್ಟಿದ ವ್ಯವಸ್ಥೆ, ಎರಡೂ ಪಕ್ಷಗಳಿಗೆ ಮೊದಲು ತಮ್ಮತಮ್ಮಲ್ಲೇ ಮಾತಾಡುವ ಅವಕಾಶ ಕೊಡುತ್ತಿತ್ತು. ನಮ್ಮಲ್ಲಿ ಹಲವು ತಾಣಗಳಲ್ಲಿ ಕೊಂಡವರೂ ಮಾರಿದವರೂ ನೇರವಾಗಿ ಮಾತಾಡುವುದಕ್ಕೆ ಸುಲಭದ ಹಾದಿ ಇಲ್ಲವಾಗಿದೆ.

ಯುರೋಪಿನ ಒಕ್ಕೂಟ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸಿತು: ಗ್ರಾಹಕನ ಕೈಗೆ ಸೇರುವವರೆಗೆ ನಷ್ಟದ ಅಪಾಯ ವ್ಯಾಪಾರಿಯದು, ಗ್ರಾಹಕ ತಾನೇ ಬೇರೆ ಸಾಗಣೆದಾರನನ್ನು ಗೊತ್ತುಮಾಡಿದ್ದರೆ ಮಾತ್ರ ಅದು ಬದಲಾಗುತ್ತದೆ. ಆನ್‌ಲೈನ್ ಖರೀದಿಯನ್ನು ಕಾರಣ ಕೊಡದೆ 14 ದಿನಗಳಲ್ಲಿ ರದ್ದು ಮಾಡುವ ಹಕ್ಕೂ ಇದೆ. ಚೀನಾ 2014ರಿಂದ ಏಳು ದಿನಗಳ ಇಂಥದೇ ಹಕ್ಕು ಕೊಟ್ಟಿದೆ. 2019ರಲ್ಲಿ ಜಾರಿಗೆ ಬಂದ ಅದರ ಇ-ಕಾಮರ್ಸ್ ಕಾನೂನಿನ 62ನೇ ವಿಧಿ ನಮಗೆ ಹೆಚ್ಚು ಮುಖ್ಯ. ವಿವಾದ ಬಂದಾಗ ಮೂಲ ಕರಾರು ಮತ್ತು ವಹಿವಾಟಿನ ದಾಖಲೆಗಳನ್ನು ಒದಗಿಸುವುದು ಇ-ಕಾಮರ್ಸ್ ನಡೆಸುವವರ ಕರ್ತವ್ಯ. ದಾಖಲೆ ಕಳೆದರೆ, ಬಚ್ಚಿಟ್ಟರೆ, ತಿದ್ದಿದರೆ, ಅದರಿಂದ ಸತ್ಯ ತಿಳಿಯದೆ ಹೋದರೆ, ಅದರ ಕಾನೂನು ಹೊಣೆ ಅವರದೇ.

ನಮಗೆ ಬೇಕಾದ್ದು

ನಮ್ಮ ಕಾನೂನಿಗೂ ಈ ತತ್ವ ಅಪರಿಚಿತವಲ್ಲ. ಒಂದು ಸಂಗತಿ ವಿಶೇಷವಾಗಿ ಯಾರ ಅರಿವಿನಲ್ಲಿದೆಯೋ ಅದನ್ನು ರುಜುವಾತುಪಡಿಸುವ ಹೊಣೆ ಅವರದು ಎಂದು 1872ರ ಸಾಕ್ಷ್ಯ ಕಾಯ್ದೆಯ 106ನೇ ಕಲಮು ಹೇಳುತ್ತಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಮು ಅದನ್ನೇ ಹೇಳುತ್ತದೆ. ಪಾರ್ಸೆಲ್ಲಿನ ಹಾದಿ ವಿಶೇಷವಾಗಿ ಅರಿವಿರುವುದು ತಾಣಕ್ಕೆ ಮತ್ತು ಅದರ ಸಾಗಣೆದಾರನಿಗೆ. ಇಂದು ನಡೆಯುತ್ತಿರುವುದು ತದ್ವಿರುದ್ಧ. ಏನೂ ಗೊತ್ತಿಲ್ಲದ ಇಬ್ಬರು, ಒಂದು ತುದಿಯಲ್ಲಿ ಗ್ರಾಹಕ, ಇನ್ನೊಂದು ತುದಿಯಲ್ಲಿ ಮಾರಾಟಗಾರ, ಮೊಬೈಲ್ ಹಿಡಿದು ವಿಡಿಯೊ ಮಾಡುತ್ತ ಸಾಕ್ಷ್ಯ ಒದಗಿಸಬೇಕು. ಎಲ್ಲ ಗೊತ್ತಿರುವವರು ಅದನ್ನು ನೋಡಿ ಸಾಲದು ಎನ್ನುತ್ತಾರೆ.

ಆದ್ದರಿಂದ ಮೊದಲ ಬೇಡಿಕೆ ದಾಖಲೆಯದು. ವಿವಾದ ಎತ್ತಿದ ಯಾರಿಗೇ ಆಗಲಿ ಆ ಪಾರ್ಸೆಲ್ಲಿನ ಪ್ರತಿ ಸ್ಕ್ಯಾನ್, ಪ್ರತಿ ಹಂತದ ತೂಕ, ಓಟಿಪಿ ಬಳಸಿದ ಸಮಯ, ತಲುಪಿಸಿದ ಜಾಗ, ತೆಗೆದ ಫೋಟೊ ಸಿಗಬೇಕು. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಇರುವ ಮಾಹಿತಿ ಹಂಚಿಕೊಂಡರೆ ಸಾಕು. ಎರಡನೆಯದು, ಸಾಗಣೆದಾರನನ್ನು ತಾಣವೇ ಗೊತ್ತುಮಾಡಿದ್ದರೆ ದಾರಿಯಲ್ಲಾದ ನಷ್ಟ ತಾಣದ್ದು ಎಂಬ ಸ್ಪಷ್ಟ ನಿಯಮ. ದಾಖಲೆ ಒದಗಿಸಿ ಬೇರೆಯವರ ತಪ್ಪನ್ನು ತೋರಿಸಿದರೆ ಮಾತ್ರ ಅದು ಹೊಣೆಯಿಂದ ಬಿಡುಗಡೆಯಾಗಲಿ. ಮೂರನೆಯದು, ಕ್ಲೇಮ್ ತಿರಸ್ಕರಿಸುವಾಗ ಕಾರಣ ಬರೆದುಕೊಡಬೇಕು, ಅದೂ ಆ ವ್ಯಕ್ತಿ ಓದಬಲ್ಲ ಭಾಷೆಯಲ್ಲಿ. ಕನ್ನಡದಲ್ಲಿ ಜಾಹೀರಾತು ಕೊಡುವ, ಆ್ಯಪನ್ನು ಕನ್ನಡಕ್ಕೆ ತಂದಿರುವ ಕಂಪನಿಗಳಿಗೆ ಕನ್ನಡದಲ್ಲಿ ಕಾರಣ ಹೇಳುವುದು ಕಷ್ಟವಾಗಬಾರದು. ನಾಲ್ಕನೆಯದು, ಸಣ್ಣ ಮಾರಾಟಗಾರರಿಗೆ ತಾಣದ ಹೊರಗೆ, ಆನ್‌ಲೈನ್‌ನಲ್ಲೇ ನಡೆಯುವ, ಶುಲ್ಕವಿಲ್ಲದ ರಾಜಿ ವ್ಯವಸ್ಥೆ. 2022ರಲ್ಲಿ ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಪ್ರಯೋಗ ಶುರು ಮಾಡಿದ ಸರ್ಕಾರಿ ಬೆಂಬಲದ ಓಎನ್‌ಡಿಸಿ ಜಾಲ ದೂರುಗಳಿಗೆ ಹಂತಹಂತದ ಕ್ರಮ ಇಟ್ಟಿದೆ. ಖಾಸಗಿ ತಾಣಗಳಿಗೂ ಅಂಥದ್ದು ಕಡ್ಡಾಯವಾಗಬೇಕು. ಐದನೆಯದು, ವಿಚಾರಣೆಯಿಲ್ಲದೆ ಡೆಲಿವರಿ ಹುಡುಗನ ಗಳಿಕೆಯಲ್ಲಿ ಪಾರ್ಸೆಲ್ಲಿನ ಬೆಲೆ ಹಿಡಿಯಬಾರದು. ಬೆಲೆಬಾಳುವ ಸಾಮಾನುಗಳನ್ನು ಎದುರಿಗೇ ತೆರೆದು ತೋರಿಸಿದ ನಂತರವೇ ಓಟಿಪಿ ಪಡೆಯುವ ಕ್ರಮ ಕೆಲವು ಕಡೆ ಈಗಾಗಲೇ ಇದೆ. ಅದು ಎಲ್ಲೆಡೆ ಬಂದರೆ ಅವನ ತಲೆನೋವೂ ತಗ್ಗುತ್ತದೆ.

ಕೊಳ್ಳುವವರ ಕರ್ತವ್ಯವೂ ಉಂಟು. ಪಾರ್ಸೆಲ್ ಕೈಗೆ ಬರುವ ಮುನ್ನ ಓಟಿಪಿ ಹೇಳಬಾರದು. ಬೆಲೆಬಾಳುವುದನ್ನು ತೆರೆಯುವಾಗ ಲೇಬಲ್ ಕಾಣುವಂತೆ ವಿಡಿಯೊ ಮಾಡಬೇಕು, ಬಿಲ್ಲು ಮತ್ತು ದೂರಿನ ಟಿಕೆಟ್ ನಂಬರು ಇಟ್ಟುಕೊಳ್ಳಬೇಕು. ಉಟ್ಟ ಸೀರೆಯನ್ನು ವಾಪಸು ಕಳಿಸುವವರು ಕಂಪನಿಗೆ ತೊಂದರೆ ಕೊಟ್ಟೆವೆಂದು ತಿಳಿದಿರುತ್ತಾರೆ. ಆ ನಷ್ಟ ಬೀಳುವುದು ಇಳಕಲ್ಲಿನ ಯಾವುದೋ ಮನೆಯ ಮೇಲೆ.

ಮಾರಿದವರೂ ಕೊಂಡವರೂ ಈ ಜಗಳದಲ್ಲಿ ಎದುರಾಳಿಗಳಂತೆ ಕಾಣುತ್ತಾರೆ. ನಿಜದಲ್ಲಿ ಇಬ್ಬರ ಅಗತ್ಯವೂ ಒಂದೇ: ನಡುದಾರಿಯಲ್ಲಿ ಏನಾಯಿತೆಂದು ತಿಳಿಯುವ ಹಕ್ಕು. ಗ್ರಾಹಕ ಸಂಘಗಳೂ ಸಣ್ಣ ವ್ಯಾಪಾರಿಗಳ ಸಂಘಗಳೂ ಬೇರೆ ಬೇರೆ ಮನವಿ ಕೊಡುವುದನ್ನು ಬಿಟ್ಟು, 2021ರಿಂದ ಬಿದ್ದಿರುವ ಆ ಕರಡನ್ನು ಮತ್ತೆ ಮೇಲೆತ್ತಿಸಿ, ಅದರಲ್ಲಿ ದಾಖಲೆಯ ಹಕ್ಕನ್ನೂ ಸಾಗಣೆಯ ಹೊಣೆಯನ್ನೂ ಸೇರಿಸುವಂತೆ ಒಟ್ಟಾಗಿ ಕೇಳಬೇಕು. ದುಡ್ಡು, ದಾಖಲೆ, ತೀರ್ಪು ಮೂರೂ ಒಬ್ಬರ ಕೈಯಲ್ಲೇ ಇರುವವರೆಗೆ ಉಳಿದವರಿಗೆ ಸಿಗುವುದು ಕೃಪೆ ಮಾತ್ರ. ವ್ಯಾಪಾರ ನಡೆಯಬೇಕಾದ್ದು ಹಕ್ಕಿನ ಮೇಲೆ.